ತೀರ್ಪುಗಾರರು ಉಂಡುಹೋದ ನಮ್ಮನೆ ಸಾರು

ಹೋದ ವರ್ಷ ಶಿವರಾತ್ರಿಗೆ ಇನ್ನೂ ಹತ್ತು ಹದಿನೈದು ದಿನ ಇದ್ದಾಗ ನಡೆದದ್ದು ಇದು. ಆಗಲೇ ಬರೆದು ನಿಮ್ಮ ಪತ್ರಿಕೆಗೆ ಕಳಿಸಬೇಕು ಅಂದುಕೊಂಡಿದ್ದೆ. ಆದರೆ ಪೆನ್ನು ಹಿಡಿದರೆ ಸಿಟ್ಟಿಗೆ ಬರೀ ಬೈಗುಳವೇ ಬರುತ್ತಿತ್ತು. ಈಗ ಸಿಟ್ಟು ಸ್ವಲ್ಪ ಇಳಿದಿರಬೇಕು ಅಂದುಕೊಂಡು ಕೂತಿದ್ದೇನೆ. ಇಳಿದಿಲ್ಲ ಅನ್ನುವುದು ಬರೆಯುತ್ತಾ ಬರೆಯುತ್ತಾ ಗೊತ್ತಾಗುತ್ತಿದೆ.

ನಮ್ಮದು ಕಡೂರು ತಾಲ್ಲೂಕಿನಲ್ಲಿ ಯಗಟಿ ಕಡೆಯ ಒಂದು ಹಳ್ಳಿ. ನಮ್ಮ ಯಜಮಾನರು ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಾರೆ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮತ್ತೆ, ಒಟ್ಟು ಐದು ಜನ. ಯಜಮಾನರಿಗೆ ಕೂಲಿ ಬಟವಾಡೆ ಆಗುವುದು ವಾರಕ್ಕೊಂದು ಸಲ, ಸಂತೆಯ ದಿನ. ಹಾಗಾಗಿ ನಮ್ಮ ಅಡುಗೆಮನೆಯೂ ಸಂತೆಯಿಂದ ಸಂತೆಗೆ ನಡೆಯುತ್ತದೆ. ಸಂತೆಯಿಂದ ಬಂದ ಮೊದಲೆರಡು ದಿನ ಸೊಪ್ಪು, ಯಾಕೆಂದರೆ ಅದು ಕಾಯುವುದಿಲ್ಲ. ಆಮೇಲೆ ಬದನೆ, ಹೀರೆ. ಕುಂಬಳ, ಆಲೂಗಡ್ಡೆ ತಡೆದುಕೊಳ್ಳುತ್ತವೆ, ಅವು ವಾರದ ನಡುವಿಗೆ. ಕೊನೆಯ ಎರಡು ದಿನ ತರಕಾರಿ ಬುಟ್ಟಿ ಬೋರಲು ಬಿದ್ದಿರುತ್ತದೆ. ಆಗ ಹುರುಳಿ, ಅಲಸಂದೆ, ಅದೂ ಇಲ್ಲದಿದ್ದರೆ ಈರುಳ್ಳಿ ಗೊಜ್ಜು. ರಾಗಿ ಅಂತೂ ಡಬ್ಬದಲ್ಲಿ ಇದ್ದೇ ಇರುತ್ತದೆ. ಹೀಗೆ ಅಳೆದು ಸುರಿದು ಮಾಡಿದರೂ ನಮ್ಮ ಮನೆಯಲ್ಲಿ ಯಾರೂ ಅರೆಹೊಟ್ಟೆಯಲ್ಲಿ ಮಲಗಿದ್ದಿಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತಿದ್ದೇನೆ.

ಪಕ್ಕದ ಮನೆಯ ಶಾರದಕ್ಕ ಒಂದು ದಿನ ಮೊಬೈಲ್ ಹಿಡಿದುಕೊಂಡು ಓಡಿ ಬಂದಳು. ಕಡೂರಿನಲ್ಲಿ ಒಂದು ಮಹಿಳಾ ಸಂಘದವರು ಅಡುಗೆ ಸ್ಪರ್ಧೆ ಇಟ್ಟಿದ್ದಾರಂತೆ. ಕಡಿಮೆ ಖರ್ಚಿನಲ್ಲಿ ಮನೆಮಂದಿಗೆಲ್ಲ ವಾರದ ಊಟ ಹೇಗೆ ಮಾಡುತ್ತೀರಿ ಅಂತ ಒಂದು ಚಾರ್ಟ್ ಬರೆದು ತರಬೇಕು, ಜೊತೆಗೆ ಆ ವಾರದ ಯಾವುದಾದರೂ ಒಂದು ಹೊತ್ತಿನ ಊಟವನ್ನು ನಿಮ್ಮ ಮನೆಯವರಿಗೆಲ್ಲ ಆಗುವಷ್ಟು ಮಾಡಿ ತರಬೇಕು. ಮೊದಲ ಬಹುಮಾನ ಐದು ಲೀಟರಿನ ಕುಕ್ಕರ್.

"ಮಂಜುಳಾ, ಇದು ನಿಂಗೇ ಇಟ್ಟಿರೋದು ಕಣೇ. ನೀನು ಹೋಗ್ದೆ ಇನ್ಯಾರು ಹೋಗ್ತಾರೆ?" ಅಂದಳು ಶಾರದಕ್ಕ.

ಕುಕ್ಕರ್ ಅಂದ ಕೂಡಲೇ ನನ್ನ ಮನಸ್ಸು ಎದ್ದು ಕೂತಿತು. ನಮ್ಮ ಮನೆಯ ಕುಕ್ಕರಿನ ಹಿಡಿ ಕಳಚಿ, ತಂತಿ ಬಿಗಿದು ಎರಡು ವರ್ಷವಾಗಿತ್ತು. ವಿಸಿಲ್ ಕೂಗುವ ಬದಲು ಪಕ್ಕದಿಂದ ಬುಸ್ ಅಂತ ಆವಿ ಬಿಡುತ್ತಿತ್ತು. ಕಾಳು ಬೇಯುವಷ್ಟರಲ್ಲಿ ಗ್ಯಾಸ್ ಎಷ್ಟು ಉರಿದುಹೋಗುತ್ತದೆ ಅನ್ನುವುದು ಅಡುಗೆ ಮಾಡುವವರಿಗೇ ಗೊತ್ತು.

ಸ್ಪರ್ಧೆ ಇದ್ದದ್ದು ಸಂತೆಗೆ ಒಂದು ದಿನ ಮುಂಚೆ. ಅಂದರೆ ನಮ್ಮ ಮನೆಯಲ್ಲಿ ಬುಟ್ಟಿ ಬೋರಲು ಬಿದ್ದಿರುವ ದಿನ. ಡಬ್ಬದಲ್ಲಿ ಕೊನೆಯ ಎರಡು ಪಾವು ಹುರುಳಿ ಇತ್ತು, ಬಚ್ಚಲ ನೀರು ಹರಿಯುವ ಕಡೆ ಒಂದಿಷ್ಟು ದಂಟಿನ ಸೊಪ್ಪು ಬೆಳೆದಿತ್ತು. ಬಸ್ಸಾರು ಮಾಡುವುದೆಂದು ತೀರ್ಮಾನಿಸಿದೆ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ, ನೀರು ಬಸಿದು, ಆ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ. ಇದಕ್ಕಿಂತ ಕಡಿಮೆ ಖರ್ಚಿನ ಊಟ ಯಾರ ಮನೆಯಲ್ಲಿದೆ, ನೋಡೇಬಿಡೋಣ ಅಂದುಕೊಂಡೆ.

ನಮ್ಮತ್ತೆ ಒಂದೇ ಒಂದು ಮಾತು ಕೇಳಿದರು. "ಅಲ್ಲ ಕಣವ್ವ, ಇರೋ ಹುಳ್ಳಿನೆಲ್ಲ ಅಲ್ಲಿಗೆ ಹೊತ್ಕಂಡು ಹೋದ್ರೆ ರಾತ್ರಿಗೇನು?"

"ಅದೇ ಸಾರು ವಾಪಸ್ ತತ್ತೀನಿ ಅತ್ತೆ. ಅವ್ರು ಒಂದೊಂದು ಚಮಚ ರುಚಿ ನೋಡ್ತಾರೆ ಅಷ್ಟೆ. ಸಾಯಂಕಾಲದ ಹೊತ್ಗೆ ಇನ್ನೂ ಕೂಡ್ಕೊಂಡು ಚೆನ್ನಾಗಾಗ್ತದೆ. ಬಂದು ಬಿಸಿ ಮುದ್ದೆ ತೊಳಸಿದ್ರೆ ಆಯ್ತು" ಅಂದೆ. ಮಕ್ಕಳಿಗೆ ಮಧ್ಯಾಹ್ನ ಶಾಲೆಯಲ್ಲಿ ಊಟ, ಯಜಮಾನರದು ಮಂಡಿಯ ಹತ್ತಿರ. ಅತ್ತೆಗೆ ಅಂಬಲಿ ಮಾಡಿಟ್ಟೆ. ಬಾಯಲ್ಲಿ ನಾಲ್ಕೇ ಹಲ್ಲು ಉಳಿದಿವೆ ಅವರಿಗೆ. ಅಂಬಲಿ, ಮುದ್ದೆ ಬಿಟ್ಟರೆ ಬೇರೆ ಏನೂ ಸಲೀಸಾಗಿ ಇಳಿಯುವುದಿಲ್ಲ.

ಸಾರಿನ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಪಲ್ಯವನ್ನು ಡಬ್ಬಿಗೆ ಹಾಕಿ, ಹಾಟ್‌ಬಾಕ್ಸಿನಲ್ಲಿ ಐದು ಮುದ್ದೆ ಇಟ್ಟುಕೊಂಡು ಕೆಂಪು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪಾತ್ರೆಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಕಂಡಕ್ಟರ್ ಹತ್ತಿರ ಬಂದು ಮೂಗು ಅರಳಿಸಿ, "ಏನಮ್ಮಾ, ಘಮ್ ಅಂತೈತಲ್ಲ! ಹುಳ್ಳಿ ಬಸ್ಸಾರಾ? ನನ್ನೂ ಕರ್ಕಂಡು ಹೋಗು" ಅಂದ. ಬಸ್ಸಿನವರೆಲ್ಲ ನಕ್ಕರು. ನನಗೆ ಕುಕ್ಕರ್ ಕೈಗೇ ಬಂದಷ್ಟು ಖುಷಿಯಾಯಿತು.

ಒಂದು ಕಲ್ಯಾಣ ಮಂಟಪದಲ್ಲಿ ಸಾಲಾಗಿ ಮೇಜು ಹಾಕಿದ್ದರು. ನನ್ನ ಚಾರ್ಟನ್ನು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿದ್ದೆ, ಅದನ್ನೇ ಗೋಡೆಗೆ ಅಂಟಿಸಿದೆ. ಪಕ್ಕದ ಮೇಜಿನಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹೆಂಗಸು, ಒಳ್ಳೆ ರೇಷ್ಮೆ ಸೀರೆ ಉಟ್ಟಿದ್ದಳು. ಕ್ಯಾರೆಟ್, ಸೌತೆಕಾಯಿ, ಮೊಳಕೆ ಕಾಳಿನಲ್ಲಿ ಒಂದು ನವಿಲು ಮಾಡಿದ್ದಳು. ನವಿಲಿನ ಗರಿಗೆ ಪನೀರ್ ತುಂಡುಗಳು. ಪಕ್ಕದಲ್ಲಿ ಓಟ್ಸಿನ ಏನೋ ಒಂದು ಗಂಜಿ, ಅದರ ಮೇಲೆ ಕಪ್ಪಗೆ ಸಣ್ಣ ಬೀಜ. ಚೆಂದ ಕಾಣುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಪನೀರ್ ಹಾಕಿದ್ದು ಕಡಿಮೆ ಖರ್ಚಿನ ಊಟ ಹೇಗಾದೀತು ಅಂತ ನನ್ನೊಳಗೇ ನಕ್ಕೆ.

ಹನ್ನೊಂದಕ್ಕೆ ಶುರು ಅಂದಿದ್ದರು. ಮುಖ್ಯ ಅತಿಥಿ ಬರಲಿ ಅಂತ ಕಾದು ಕಾದು ಒಂದೂವರೆ ಆಯಿತು. ನಮಗೆಲ್ಲ ಒಂದೊಂದು ಬಾಳೆಹಣ್ಣು, ಒಂದೊಂದು ಪೊಟ್ಟಣ ಬಿಸ್ಕತ್ತು ಕೊಟ್ಟರು. ಅತಿಥಿಗಳಿಗೆ, ಸಂಘದವರಿಗೆ ಮಾತ್ರ ಹಿಂದುಗಡೆ ಕೋಣೆಯಲ್ಲಿ ಅನ್ನ ಸಾರು ತರಿಸಿದ್ದರು.

ತೀರ್ಪುಗಾರರು ಇಬ್ಬರು. ಒಬ್ಬರು ಸಂಘದ ಅಧ್ಯಕ್ಷೆ ಮೇಡಂ, ಇನ್ನೊಬ್ಬರು ಹೋಟೆಲ್ ನಡೆಸುವ ದಪ್ಪನೆಯ ಯಜಮಾನರು. ಎಲ್ಲರ ಮೇಜಿನಲ್ಲೂ ಚಮಚದ ತುದಿಯಲ್ಲಿ ಮುಟ್ಟಿದ ಹಾಗೆ ಮಾಡಿ, ಬರೆದುಕೊಂಡು ಮುಂದೆ ಹೋಗುತ್ತಿದ್ದರು. ನನ್ನ ಮೇಜಿಗೆ ಬಂದರು. ಹೋಟೆಲ್ ಯಜಮಾನರು ಒಂದು ಚಮಚ ಸಾರು ಬಾಯಿಗೆ ಬಿಟ್ಟುಕೊಂಡವರು ಹಾಗೇ ನಿಂತುಬಿಟ್ಟರು.

"ಒಂದರ್ಧ ಮುದ್ದೆ ಹಾಕವ್ವ" ಅಂದರು.

ಹಾಕಿದೆ. ಕುರ್ಚಿ ಎಳೆದುಕೊಂಡು ಕೂತರು. ಅರ್ಧ ಹೋಗಿ ಒಂದಾಯಿತು, ಒಂದು ಹೋಗಿ ಎರಡಾಯಿತು. ಅಧ್ಯಕ್ಷೆ ಮೇಡಮ್ಮೂ ಕೂತರು. ಅಷ್ಟರಲ್ಲಿ ಹೋಟೆಲ್ ಯಜಮಾನರು ಹಿಂದುಗಡೆ ಕೋಣೆಯ ಕಡೆ ತಿರುಗಿ, "ಏಯ್, ಆ ನೀರ್ ಸಾರು ಏನ್ ಉಣ್ತೀರ್ರೋ? ಇಲ್ಲಿ ಬರ್ರಿ, ಬಸ್ಸಾರು ಐತೆ!" ಅಂತ ಕೂಗಿದರು. ಆಗ ಬಂತು ನೋಡಿ ದಂಡು. ತಟ್ಟೆಯಲ್ಲಿ ಅನ್ನ ಹಿಡಿದುಕೊಂಡು ಒಬ್ಬೊಬ್ಬರಾಗಿ ಬಂದರು, ಮುಖ್ಯ ಅತಿಥಿಯ ಜೊತೆ ಬಂದವರೂ ಸೇರಿ. "ಇನ್ನೊಂದು ಸೌಟು", "ಪಲ್ಯ ಇಲ್ಲೊಂದಿಷ್ಟು", "ತಳದ ಗಸಿ ಬರ್ಲಿ ಕಣಮ್ಮ, ಬರೀ ತಿಳಿ ಹಾಕ್ಬ್ಯಾಡ".

ನೀವು ಕೇಳಬಹುದು, ಬಾಯಿ ಸತ್ತಿತ್ತಾ ನಿನಗೆ, ಸಾಕು ಅನ್ನಬಾರದಿತ್ತಾ ಅಂತ. ಹೇಗೆ ಅನ್ನಲಿ? ತಟ್ಟೆ ಹಿಡಿದು ನಿಂತವರ ಮುಂದೆ ಸೌಟು ಹಿಂದಕ್ಕೆ ಎಳೆಯುವುದು ನಮ್ಮ ಕಡೆ ಯಾರೂ ಮಾಡುವುದಿಲ್ಲ. ಪಾತ್ರೆಯ ತಳ ಕಾಣಿಸುತ್ತಾ ಬಂದ ಹಾಗೆ ಸೌಟನ್ನು ಅರ್ಧರ್ಧ ಮಾತ್ರ ತುಂಬಿಸಿ ಹಾಕುತ್ತಾ ಬಂದೆ. ಆದರೂ ಮನಸ್ಸಿನೊಳಗೆ ಒಂದು ಆಸೆ. ಇಷ್ಟು ಚಪ್ಪರಿಸಿಕೊಂಡು ತಿನ್ನುತ್ತಿದ್ದಾರಲ್ಲ, ಕುಕ್ಕರ್ ನನಗೇ, ರಾತ್ರಿಗೆ ಏನಾದರೂ ಮಾಡಿಕೊಳ್ಳೋಣ ಅಂತ. ಮುದ್ದೆ, ಪಲ್ಯ ಆಗಲೇ ಖಾಲಿಯಾಗಿದ್ದವು. ಕೊನೆಗೆ ಒಬ್ಬ ಪುಣ್ಯಾತ್ಮ ಪಾತ್ರೆಯನ್ನು ಓರೆ ಮಾಡಿಸಿ ಹಾಕಿಸಿಕೊಂಡ.

ಪಕ್ಕದ ಮೇಜಿನ ನವಿಲು ಕೊಕ್ಕು ಸಹ ಕದಲಿಸದೆ ಹಾಗೇ ಕೂತಿತ್ತು.

ಆಮೇಲೆ ಭಾಷಣ, ಹಾರ, ಶಾಲು. ಆಮೇಲೆ ಬಹುಮಾನ. ಮೊದಲ ಬಹುಮಾನ ನವಿಲಿಗೆ! ನನ್ನ ಕಿವಿಯನ್ನೇ ನನಗೆ ನಂಬಲಾಗಲಿಲ್ಲ. ಎರಡನೆಯದು, ಮೂರನೆಯದು ಯಾರಿಗೋ ಹೋಯಿತು. ನನಗೆ ಸಮಾಧಾನಕರ ಬಹುಮಾನ, ಒಂದು ಪ್ಲಾಸ್ಟಿಕ್ ಟ್ರೇ. ಅಧ್ಯಕ್ಷೆ ಮೇಡಂ ಮೈಕಿನಲ್ಲಿ ಹೇಳಿದರು, "ಮುದ್ದೆ, ಬಸ್ಸಾರು ಎಲ್ಲರ ಮನೆಯಲ್ಲೂ ಇರುವುದೇ. ನಾವು ಹುಡುಕಿದ್ದು ಹೊಸತನವನ್ನು."

ವೇದಿಕೆ ಹತ್ತಿದೆ. ಟ್ರೇ ಮುಂದೆ ಚಾಚಿದರು. ಫೋಟೋದವನು ಕ್ಯಾಮೆರಾ ಎತ್ತಿದ. ನಾನು ಕೈ ಚಾಚಲಿಲ್ಲ.

"ನಂಗಿದು ಬ್ಯಾಡ ಮೇಡಂ. ನನ್ನ ಸಾರು ವಾಪಸ್ ಕೊಡಿ" ಅಂದೆ.

ಮೈಕ್ ಹತ್ತಿರದಲ್ಲೇ ಇತ್ತು. ಮಂಟಪಕ್ಕೆಲ್ಲ ಕೇಳಿಸಿತು. ಎಲ್ಲರೂ ಗೊಳ್ಳೆಂದು ನಕ್ಕರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ.

"ನಗಬ್ಯಾಡಿ ಕಣ್ರೀ! ಅದು ನಮ್ಮನೆಯ ರಾತ್ರಿ ಊಟ. ಮನೆಯವ್ರಿಗೆಲ್ಲ ಆಗೋವಷ್ಟು ತನ್ನಿ ಅಂದ್ರಿ, ತಂದೆ. ರುಚಿ ನೋಡಿ ಅಂತ ಇಟ್ರೆ ಉಂಡ್ಕೊಂಡು ಹೋಗ್ಬಿಟ್ರಲ್ರೀ! ಮನೇಲಿ ನಮ್ಮತ್ತೆ ಕಾಯ್ಕೊಂಡು ಕೂತವ್ರೆ. ಈಗ ನಾನು ಏನ್ ತಗೊಂಡು ಹೋಗ್ಲಿ, ನಿಮ್ಮ ಟ್ರೇ ಹಾಕ್ಲಾ ತಟ್ಟೆಗೆ?"

ನಗು ನಿಂತಿತು. ಅಧ್ಯಕ್ಷೆ ಮೇಡಂ ಮೈಕನ್ನು ಕೈಯಿಂದ ಮುಚ್ಚಿ, "ಅಯ್ಯೋ, ಒಂದು ಪಾತ್ರೆ ಸಾರಿಗೆ ಇಷ್ಟೊಂದಾ? ಚೆನ್ನಾಗಿತ್ತು ಅಂತ ತಾನೇ ತಿಂದಿದ್ದು? ನಾಲ್ಕು ಜನಕ್ಕೆ ಹಾಕಿದ ಪುಣ್ಯ ಬಂತು ಅಂದ್ಕೊಳ್ಳಿ" ಅಂದರು.

"ಚೆನ್ನಾಗಿದ್ರೆ ಬಹುಮಾನ ಯಾಕಿಲ್ಲ?"

"ರುಚಿ ಬೇರೆ, ಮಾರ್ಕ್ಸ್ ಬೇರೆ ಅಮ್ಮಾ."

ಎಂಥ ಮಾತು! ಅಡುಗೆ ಸ್ಪರ್ಧೆಯಲ್ಲಿ ರುಚಿ ಬೇರೆಯಂತೆ, ಮಾರ್ಕ್ಸ್ ಬೇರೆಯಂತೆ. ಹೋಟೆಲ್ ಯಜಮಾನರು ಜೇಬಿನಿಂದ ಒಂದು ನೋಟು ತೆಗೆದು, "ತಗೊಳವ್ವ, ದಾರೀಲಿ ಏನಾರ ಪಾರ್ಸೆಲ್ ಕಟ್ಟಿಸ್ಕೊಂಡು ಹೋಗು" ಅಂದರು. ಅವರ ಬೆರಳಿನಲ್ಲಿ ಇನ್ನೂ ನನ್ನ ಸಾರಿನ ಬೆಳ್ಳುಳ್ಳಿ ವಾಸನೆ ಇತ್ತು. "ನಾನೇನು ಇಲ್ಲಿ ಹೋಟ್ಲು ಇಟ್ಟಿದ್ನಾ ಸ್ವಾಮಿ?" ಅಂದು ಕೆಳಗಿಳಿದು ಬಂದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಅವರ ಮುಂದೆ ಅಳಬಾರದು ಅಂತ ತುಟಿ ಕಚ್ಚಿಕೊಂಡೆ.

ಖಾಲಿ ಪಾತ್ರೆ ಎತ್ತಿಕೊಳ್ಳುತ್ತಿದ್ದಾಗ ಆ ರೇಷ್ಮೆ ಸೀರೆಯವಳು ಹತ್ತಿರ ಬಂದಳು. ಪಾಪ, ಒಳ್ಳೆಯ ಹುಡುಗಿ. "ಅಕ್ಕಾ, ಇದನ್ನಾದ್ರೂ ತಗೊಂಡು ಹೋಗಿ. ಹೆಂಗೂ ನಮ್ಮನೇಲಿ ಇದನ್ನ ಯಾರೂ ತಿನ್ನಲ್ಲ" ಅಂತ ನವಿಲಿನ ತಟ್ಟೆ ಮುಂದೆ ಹಿಡಿದಳು.

"ಮತ್ತೆ ವಾರಕ್ಕೆಲ್ಲ ಇದೇ ಮಾಡ್ತೀನಿ ಅಂತ ಚಾರ್ಟಲ್ಲಿ ಬರ್ದಿದ್ದೀಯಲ್ಲಮ್ಮ?"

"ಅದು ಮೊಬೈಲಲ್ಲಿ ನೋಡಿ ಬರ್ದಿದ್ದು ಅಕ್ಕ. ನಮ್ಮನೇಲಿ ಅಡುಗೆ ನಮ್ಮತ್ತೇದು. ಮುದ್ದೆ ಸಾರೇ ದಿನಾ" ಅಂದಳು, ಏನೂ ಕಲ್ಮಶ ಇಲ್ಲದೆ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರ ಮನೆಯಲ್ಲೂ ಉಣ್ಣದ ಊಟಕ್ಕೆ ಕುಕ್ಕರ್, ಎಲ್ಲರೂ ಬಳಿದುಕೊಂಡು ಉಂಡ ಊಟಕ್ಕೆ ಟ್ರೇ! ನವಿಲನ್ನು ಬೇಡ ಅನ್ನಬೇಕು ಅಂತ ಬಾಯಿಯವರೆಗೂ ಬಂತು. ಆದರೆ ನನ್ನ ಸಿಟ್ಟಿಗೆ ಮಕ್ಕಳು ಯಾಕೆ ಉಪವಾಸ ಇರಬೇಕು ಅಂದುಕೊಂಡು ಹಾಟ್‌ಬಾಕ್ಸಿಗೆ ಸುರಿದುಕೊಂಡೆ.

ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಮಕ್ಕಳು ಹಾಟ್‌ಬಾಕ್ಸ್ ತೆಗೆದು ಪನೀರ್ ತುಂಡುಗಳನ್ನು ಆರಿಸಿಕೊಂಡು ತಿಂದರು. ಮೊಳಕೆ ಕಾಳು ಹಸಿ ಹಸಿ, ಉಪ್ಪಿಲ್ಲ, ಖಾರ ಇಲ್ಲ. ಮುಖ ಹಿಂಡಿ ದೂಡಿದರು. ನಾನು ಮುದ್ದೆ ತೊಳಸುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಯಜಮಾನರು "ಹಾಳಾಗ್ ಹೋಗ್ಲಿ ಬಿಡು, ನಾಳೆ ಸಂತೆ ಐತಲ್ಲ" ಅಂದು ಈರುಳ್ಳಿ, ಉಪ್ಪು, ಹಸಿಮೆಣಸಿನಕಾಯಿ ನೆಂಚಿಕೊಂಡು ಮುದ್ದೆ ಮುರಿದರು.

ಅತ್ತೆಗೆ ಈರುಳ್ಳಿ ಅಗಿಯಲು ಆಗುವುದಿಲ್ಲ. ಗೊಜ್ಜು ಮಾಡೋಣ ಅಂದರೆ ಇದ್ದ ಹುಣಸೆಹಣ್ಣೆಲ್ಲ ಆ ಸಾರಿಗೇ ಹೋಗಿತ್ತು. ಸಾರಿಲ್ಲದೆ ಮುದ್ದೆ ಇಳಿಯುವುದಿಲ್ಲ. ನಾನು ಏನು ಮಾಡಲಿ ಅಂತ ನೋಡುತ್ತಾ ನಿಂತಿದ್ದೆ. ಅವರು ಸಾರಿನ ಖಾಲಿ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅದಕ್ಕೆ ಒಂದು ಲೋಟ ಬಿಸಿನೀರು ಸುರಿದು, ತಳ, ಅಂಚು ಎಲ್ಲ ಸೌಟಿನಿಂದ ಕೆರೆದು ಕದಡಿದರು. ನಾಲ್ಕು ಕಲ್ಲು ಉಪ್ಪು ಹಾಕಿದರು. ತಟ್ಟೆಗೆ ಬಗ್ಗಿಸಿಕೊಂಡು ಅದರಲ್ಲೇ ಮುದ್ದೆ ಅದ್ದಿ ನುಂಗಿದರು.

"ಅತ್ತೆ, ಅದು ಬರೀ ನೀರು" ಅಂದೆ.

"ಇಲ್ಲ ಕಣವ್ವ, ಖಾರ ಹತ್ತೈತೆ. ಚೆನ್ನಾಗೇ ಮಾಡಿದ್ದೆ ಬಿಡು" ಅಂದರು.

ಮಂಟಪದಲ್ಲಿ ತಡೆದುಕೊಂಡಿದ್ದ ಅಳು ಆಗ ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಕುಕ್ಕರ್ ಹೋದದ್ದಕ್ಕಲ್ಲ. ಹೊಟ್ಟೆ ತುಂಬಿದವರೆಲ್ಲ ನನ್ನ ಸಾರು ಉಂಡು, ಹಸಿದ ಈ ಜೀವಕ್ಕೆ ಪಾತ್ರೆ ತೊಳೆದ ನೀರು ಉಳಿಸಿದರಲ್ಲ ಅಂತ.

ಈ ವರ್ಷವೂ ಸ್ಪರ್ಧೆ ಇದೆಯಂತೆ. ಶಾರದಕ್ಕ ಕೇಳಿದಳು, ನಾನು ಹೋಗುವುದಿಲ್ಲ ಅಂದೆ. ಮನೆಗೆ ಬಂದವರಿಗೆ ಈಗಲೂ ಇಲ್ಲ ಅನ್ನುವುದಿಲ್ಲ, ಇದ್ದದ್ದರಲ್ಲಿ ಬಡಿಸುತ್ತೇನೆ. ಆದರೆ ಸಾರು ಒಲೆಯಿಂದ ಇಳಿಸಿದ ಕೂಡಲೇ ಮೊದಲು ಅತ್ತೆಗೆ ಒಂದು ಬಟ್ಟಲು ತೆಗೆದು ಮುಚ್ಚಿಡುತ್ತೇನೆ. ಆಮೇಲೆ ಎಂಥ ದೊಡ್ಡ ಮನುಷ್ಯರೇ ಬಂದು ತಟ್ಟೆ ಹಿಡಿಯಲಿ, ಆ ಬಟ್ಟಲಿನ ಮುಚ್ಚಳ ಮಾತ್ರ ತೆಗೆಯುವುದಿಲ್ಲ.