ಉಗುರಿನ ಮೇಲಿನ ಮಸಿ

ನಾನು ಐದನೇ ತರಗತಿಯವರೆಗೆ ಓದಿದವಳು. ಬರೆಯುವುದು ಕಷ್ಟ. ಆದರೂ ಇದನ್ನು ಇನ್ನೊಬ್ಬರ ಕೈಯಲ್ಲಿ ಬರೆಸಲು ಮನಸ್ಸಾಗಲಿಲ್ಲ.

ನಾನಿರುವುದು ಮಾಗಳದಲ್ಲಿ. ತಂಗಿಯನ್ನು ಹಿರೇಹಡಗಲಿಗೆ ಕೊಟ್ಟಿದೆ. ಅವಳ ಮಗನಿಗೆ ಮೂರು ವರ್ಷವಿದ್ದಾಗ ಅತ್ತೆಗೆ ಆಪರೇಷನ್ ಆಗಿ, ಆಸ್ಪತ್ರೆಯಲ್ಲಿ ಜೊತೆಗಿರಬೇಕಾಗಿ ಬಂದು, ಹುಡುಗನನ್ನು ಹದಿನೈದು ದಿನ ನನ್ನ ಬಳಿ ಬಿಟ್ಟಿದ್ದಳು. ಅದೇ ವಾರ ನಮ್ಮೂರ ಅಂಗನವಾಡಿಯಲ್ಲಿ ಎಲ್ಲ ಮಕ್ಕಳಿಗೂ ದಡಾರದ ಚುಚ್ಚುಮದ್ದು ಹಾಕುವವರಿದ್ದರು. ಇವನಿಗೆ ಒಂಬತ್ತು ತಿಂಗಳಲ್ಲಿ ಹಾಕಿಸಬೇಕಾದದ್ದು ಜ್ವರದ ನೆಪದಲ್ಲಿ ತಪ್ಪಿತ್ತು. ಸೂಜಿಗೆ ಹೆದರುತ್ತಿದ್ದ ತಂಗಿಯೇ ಈ ಸಲ ಫೋನ್ ಮಾಡಿದಳು.

“ಅಕ್ಕಾ, ನನಗ ನೋಡಾಕ ಆಗಂಗಿಲ್ಲ. ನೀನ ಕರ್ಕೊಂಡು ಹೋಗಿ ಹಾಕ್ಸಿಬಿಡು.”

“ಆತು ಬಿಡವ್ವಾ, ನಾ ಅದೀನಲ್ಲ,” ಎಂದೆ.

ಕರೆದುಕೊಂಡೂ ಹೋದೆ. ಸಾಲಿನಲ್ಲಿ ನಮ್ಮ ಮುಂದಿದ್ದ ಹುಡುಗಿ ಉಸಿರು ಕಟ್ಟುವಂತೆ ಚೀರಿದಳು. ಇವನು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಡುಗಿದ. ನನ್ನ ಮಕ್ಕಳಾಗಿದ್ದರೆ ಗದರಿಸಿ ಕೂರಿಸುತ್ತಿದ್ದೆ. ಇಬ್ಬರಿಗೂ ಒಂದೂ ತಪ್ಪದೆ ಹಾಕಿಸಿದ್ದೇನೆ. ಆದರೆ ಇವನು ಇನ್ನೊಂದು ಮನೆಯ ಕೂಸು. ಏನಾದರೂ ಆದರೆ ಅವನ ಅಪ್ಪನಿಗೆ ಯಾವ ಮುಖ ತೋರಿಸಲಿ? ಸಾಲು ಬಿಟ್ಟು ಬಂದೆ.

ಚುಚ್ಚುಮದ್ದು ಆದ ಮಕ್ಕಳ ಎಡಗೈ ಹೆಬ್ಬೆರಳ ಉಗುರಿನ ಮೇಲೆ ಮಸಿಯ ಗೆರೆ ಎಳೆಯುತ್ತಿದ್ದರು. ಮನೆಗೆ ಬಂದು, ಮಗಳ ಶಾಲೆಯ ಚೀಲದಿಂದ ಮಾರ್ಕರ್ ಪೆನ್ನು ತೆಗೆದು, ಅವನ ಉಗುರಿಗೆ ನಾನೇ ಗೆರೆ ಎಳೆದೆ. ಅವನು ನಕ್ಕು ಇನ್ನೊಂದು ಬೆರಳನ್ನೂ ಚಾಚಿದ.

ಸಂಜೆ ನಮ್ಮೂರ ಆಶಾ ಕಾರ್ಯಕರ್ತೆ ಮನೆಮನೆ ನೋಡುತ್ತ ಬಂದರು. ನಾನು ಮಲ್ಲಿಗೆ ಕಟ್ಟುತ್ತಿದ್ದೆ. ತಲೆ ಎತ್ತದೆ, “ಇವಂದೂ ಆತು ನೋಡ್ರಿ,” ಎಂದೆ. ಅವರು ಬೆರಳು ನೋಡಿ, “ಶಾಣ್ಯಾ! ಅತ್ತೇನಲೇ?” ಎಂದು ಕೆನ್ನೆ ಸವರಿ ಹೋದರು. ತಂಗಿಗೂ ಹಾಕಿಸಿದೆ ಎಂದೇ ಹೇಳಿದೆ.

ಎರಡು ವರ್ಷದ ಮೇಲೆ ಅವನಿಗೆ ದಡಾರ ಎದ್ದಿತು. ಮೈಮೇಲಿನದು ಇಳಿಯಿತು, ಕಿವಿಯಲ್ಲಿ ಕೀವು ಆಯಿತು. ಎಡಗಿವಿ ಕೇಳುವುದು ಬಹುಮಟ್ಟಿಗೆ ನಿಂತೇಹೋಯಿತು. ನೋಡಲು ಹೋದಾಗ ತಂಗಿ ನನ್ನ ಕೈ ಹಿಡಿದು ಅತ್ತಳು.

“ಹಾಕ್ಸಿದ್ರೂ ಬಂತಲ್ಲಕ್ಕಾ. ಸೂಜೀನೂ ಸುಳ್ಳು, ಅವ್ರ ಮಾತೂ ಸುಳ್ಳು.”

ಅವಳ ಕಣ್ಣೊರೆಸಿದೆ. ಆಮೇಲೆ ನಳದ ಹತ್ತಿರ ಸಿಕ್ಕವರಿಗೆಲ್ಲ ಅವಳು ಇದನ್ನೇ ಹೇಳಿದಳು. ಅವಳ ಮಾತು ಕೇಳಿ ಅವರ ಓಣಿಯಲ್ಲಿ ಇನ್ನಿಬ್ಬರು ತಾಯಂದಿರು ಮಕ್ಕಳಿಗೆ ಹಾಕಿಸುವುದನ್ನು ಬಿಟ್ಟರು. ಅದು ತಿಳಿದಾಗಲೂ ಸುಮ್ಮನಿದ್ದೆ.

ಈಚೆಗೆ ತಂಗಿಯ ಎರಡನೆಯ ಕೂಸು, ಹೆಣ್ಣು, ಅದಕ್ಕೆ ಒಂಬತ್ತು ತಿಂಗಳು ತುಂಬಿತು. ನಾನು ಅಲ್ಲಿದ್ದ ದಿನವೇ ಆ ಊರಿನ ಆಶಾ ಕಾರ್ಯಕರ್ತೆ ಮೂರನೆಯ ಸಲ ಕರೆಯಲು ಬಂದರು.

“ಬ್ಯಾಡ ಅಂದ್ರ ಬ್ಯಾಡ್ರಿ,” ತಂಗಿ ಕೂಸನ್ನು ಅವುಚಿಕೊಂಡಳು. “ಬೇಕಂದ್ರ ನಮ್ಮಕ್ಕನ್ನ ಕೇಳ್ರಿ. ಆಕೀನ ನಿಂತು ಹಾಕ್ಸ್ಯಾಳ. ಏನಾತು? ಹುಡುಗನ ಕಿವಿ ಹೋತು.”

ಇಬ್ಬರೂ ನನ್ನತ್ತ ನೋಡಿದರು. ಹೂಂ ಎಂದರೆ ಸಾಕಿತ್ತು. ಕೂಸು ನನ್ನ ಬಳೆ ಹಿಡಿದು ಎಳೆಯುತ್ತಿತ್ತು.

“ಹಾಕ್ಸಿಲ್ಲವ್ವಾ,” ಎಂದೆ. “ಮಸಿ ನಾನ ಹಚ್ಚಿದ್ದೆ.”

ತಂಗಿಗೆ ಮೊದಲು ತಿಳಿಯಲಿಲ್ಲ. ಸಾಲು ಬಿಟ್ಟು ಬಂದದ್ದು, ಪೆನ್ನು, ಉಗುರು, ಎಲ್ಲ ಬಿಡಿಸಿ ಹೇಳಬೇಕಾಯಿತು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಒಳಗೆ ಹೋಗಿ ತಾಯಿ ಕಾರ್ಡ್ ತಂದು, “ನಡೀರಿ,” ಎಂದು ಆಶಾ ಕಾರ್ಯಕರ್ತೆಗೆ ಹೇಳಿದಳು. ಕೂಸನ್ನು ಎತ್ತಿಕೊಳ್ಳಲು ನಾನು ಕೈ ಚಾಚಿದೆ. ಕೊಡಲಿಲ್ಲ.

ಚುಚ್ಚುಮದ್ದು ಹಾಕಿಸಿಕೊಂಡು ಬಂದು ಅವಳು ತೊಟ್ಟಿಲು ತೂಗುತ್ತಿದ್ದಾಗ, “ತಪ್ಪಾತವ್ವಾ,” ಎಂದೆ.

“ನನ್ನ ಮುಂದ ಯಾಕ ಹೇಳ್ತಿ? ಅವನ ಮುಂದ ಹೇಳು. ಬಲಕ್ಕ ನಿಂತು ಹೇಳು. ಎಡಕ್ಕ ನಿಂತ್ರ ಅವಂಗ ಕೇಳ್ಸಂಗಿಲ್ಲ.”

ಅವನಿಗೀಗ ಏಳು ವರ್ಷ. ಮೊನ್ನೆ ನಮ್ಮ ಮನೆಗೆ ಬಂದಿದ್ದ. ಹೂವಿನ ಬುಟ್ಟಿ ಬದಿಗಿಟ್ಟು ಅವನ ಬಲಕ್ಕೇ ಹೋಗಿ ಕುಳಿತೆ.

“ಏನ್ ದೊಡ್ಡವ್ವಾ?” ಎಂದು ಕಿವಿ ನನ್ನ ಕಡೆ ತಂದ.

“ಏನಿಲ್ಲಪ್ಪಾ. ಉಣ್ಣಾಕ ಬಾ,” ಎಂದುಬಿಟ್ಟೆ.