ಕೊಕ್ಕೆಗೆ ಬಿದ್ದ ಕಾಗದಗಳು

ನಿರೀಕ್ಷಾ ಮೊದಲ ಸಲ ಝಹ್ರಾರನ್ನು ಕಂಡಾಗ ಅವರು ನೆಲದ ಮೇಲೆ ಕೂತಿದ್ದರು. ಕೊಟ್ಟಾರದ ಹೆದ್ದಾರಿ ಬದಿಯ ಕಟ್ಟಡದ ಎರಡನೇ ಮಹಡಿ. ಹಡಗುಗಳಿಗೆ ಕೆಲಸದವರನ್ನು ಕಳಿಸುವ ಕಚೇರಿಯ ಹಿಂಭಾಗದಲ್ಲಿ, ಹಳೆಯ ಫೈಲುಗಳ ಕಪಾಟಿನಾಚೆ ಒಂದು ಇಕ್ಕಟ್ಟಾದ ಕೋಣೆ. ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ ಒಪ್ಪವಾಗಿ ಜೋಡಿಸಿಟ್ಟಿತ್ತು. ಒಳಗೆ ಮೀನು ತುಂಬಿಸುವ ನೀಲಿ ಕ್ರೇಟೊಂದನ್ನು ಕವುಚಿ ಹಾಕಿ, ಅದರ ಮೇಲೆ ಕಪ್ಪು ಕಂಪ್ಯೂಟರ್ ಪೆಟ್ಟಿಗೆ ಇಟ್ಟಿದ್ದರು. ಝಹ್ರಾ ಆ ಪೆಟ್ಟಿಗೆಯ ಬದಿಗೆ ಅಂಗೈ ಒತ್ತಿ, ಮಗುವಿನ ಜ್ವರ ನೋಡುವವರ ಹಾಗೆ ಸುಮ್ಮನಿದ್ದರು. ತಲೆಯ ಮೇಲಿನ ಬೂದು ಶಾಲಿನ ಅಂಚಿಗೆ ಧೂಳು ಹತ್ತಿತ್ತು.

"ಎಂತ ನಿಂತದ್ದು? ಬನ್ನಿ ಒಳಗೆ," ಎಂದರು ತಿರುಗದೆಯೇ. "ಚಪ್ಪಲಿ ಹೊರಗೆ ಬಿಡಿ. ದೇವರಿಲ್ಲ ಇಲ್ಲಿ, ಆದ್ರೆ ಮಣ್ಣು ಬಂದ್ರೆ ಇದಕ್ಕೆ ಉಬ್ಬಸ."

ನಿರೀಕ್ಷಾ ಬೆಳ್ತಂಗಡಿ ಕಡೆಯ ಹಳ್ಳಿಯವಳು. ಬೀಡಿ ಕಟ್ಟುವ ತಾಯಿಯ ಮಗಳು, ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಆವತ್ತು ಅವಳ ಕೆಲಸದ ಮೊದಲ ದಿನ. ಆ ಪೆಟ್ಟಿಗೆಯೇ ಕಚೇರಿಯ ಮೇಲ್‌ಗಳೆಲ್ಲ ಬಂದುಹೋಗುವ ಸರ್ವರ್ ಎಂದು ತಿಳಿದಾಗ ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು. ಸಮುದ್ರದ ಮೇಲಿರುವ ಅಷ್ಟೊಂದು ಜನರ ಮಾತು ಬಂದು ಇಳಿಯುವ ಜಾಗ ಇಷ್ಟು ಸಣ್ಣದೇ?

"ಇದರಲ್ಲಿ ಬರುವ ಕಾಗದ ಎಲ್ಲ ನಿಮಗೆ ಕಾಣ್ತದಾ ಮೇಡಂ?" ಎಂದು ಕೇಳಿದಳು.

ಝಹ್ರಾ ಆಗ ತಿರುಗಿ ನೋಡಿದರು. "ಕಾಣ್ತದೆ ಅಂದ್ರೆ ಕಾಣ್ತದೆ. ನಾನು ನೋಡುದಿಲ್ಲ. ಅಂಚೆಯವಳು ಕಾಗದ ಓದಬಾರದು."

ಆ ಮಾತಿಗೊಂದು ಹಿನ್ನೆಲೆಯಿದೆ ಎಂದು ನಿರೀಕ್ಷಾಳಿಗೆ ನಿಧಾನವಾಗಿ ತಿಳಿಯಿತು. ಝಹ್ರಾರ ತಂದೆ ಇದಿನಬ್ಬ ವರ್ಷಗಟ್ಟಲೆ ಗಲ್ಫಿನಲ್ಲಿದ್ದವರು. ಕೂಳೂರು ಸೇತುವೆಯ ಬಳಿಯ ಮನೆಯಲ್ಲಿದ್ದ ತಾಯಿ ಬೀಫಾತಿಮ್ಮನಿಗೆ ಓದು ಬಾರದು. ಗಂಡನ ಪತ್ರ ಬಂದರೆ ಪಕ್ಕದ ಮನೆಯವರಿಂದ ಓದಿಸಬೇಕಿತ್ತು. ಸಂಜೆಯೊಳಗೆ ಗಂಡ ಹೆಂಡತಿಯ ಮಾತು ಕೇರಿಯವರ ಬಾಯಲ್ಲಿ ಹರಿದಾಡುತ್ತಿತ್ತು. ತಾಯಿ ಮುಖ ಮುಚ್ಚಿಕೊಂಡು ಬಾವಿಕಟ್ಟೆಗೆ ಹೋಗುವುದನ್ನು ನೋಡಿ ಬೆಳೆದ ಹುಡುಗಿ ಝಹ್ರಾ. ಬೇರೆಯವರ ಕಾಗದ ಮುಟ್ಟುವುದು ಅವರಿಗೆ ಎಂಜಲು ಮುಟ್ಟಿದ ಹಾಗೆ.

ಝಹ್ರಾ ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಹಂಪನಕಟ್ಟೆಯ ಬೇರೆ ಕಚೇರಿಗಳಲ್ಲಿ ಇದೇ ಕೆಲಸ. ಕಂಪೆನಿಗಳಿಗೆ ಬಾಡಿಗೆ ಕಟ್ಟಬೇಕಿಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶವನ್ನೇ ಅವರು ಎಲ್ಲ ಕಡೆ ಹಾಕುತ್ತಿದ್ದರು.

ನಿರೀಕ್ಷಾಳಿಗೆ ಕೆಲಸ ಕಲಿಸಿದವರು ಮಗ್ದಲೀನ್ ಬಾಯಿ. ಮುಂದಿನ ತಿಂಗಳು ನಿವೃತ್ತರಾಗುವವರು. ಪ್ರತಿ ಶುಕ್ರವಾರ ಹಡಗುಗಳಿಂದ ಮೇಲ್ ಬರುತ್ತದೆ. ಅದನ್ನು ಓದಿ ಕೆಲಸದವರ ಮನೆಗೆ ಫೋನ್ ಮಾಡಿ, ಕ್ಷೇಮ ಎಂದು ಹೇಳಬೇಕು. ಹೇಳಿಯಾದ ಮೇಲೆ?

"ಹೇಳಿಯಾದ ಮೇಲೆ ಕೊಕ್ಕೆಗೆ ಹಾಕು," ಎಂದರು ಮಗ್ದಲೀನ್ ಬಾಯಿ. ಹಿಂದೆ ಮನೆ ಅಂಗಡಿಗಳಲ್ಲಿ ಓದಿದ ಕಾಗದವನ್ನು ತಂತಿಯ ಕೊಕ್ಕೆಗೆ ಚುಚ್ಚಿ ತೂಗುಹಾಕುತ್ತಿದ್ದರಲ್ಲ, ಅದು ಅವರ ಮನಸ್ಸಿನಲ್ಲಿತ್ತು. ಪರದೆಯ ಬದಿಯಲ್ಲಿ 'ಜಂಕ್' ಎಂದು ಇಂಗ್ಲಿಷಿನಲ್ಲಿ ಬರೆದಿದ್ದ ಡಬ್ಬಿಯನ್ನು ತೋರಿಸಿದರು. "ಇದು ಮೊದಲಿಂದ ಖಾಲಿ ಇತ್ತು, ಯಾರಿಗೂ ಬೇಡದ್ದು. ನಾನು ಇದನ್ನೇ ಕೊಕ್ಕೆ ಮಾಡಿದ್ದು. ಡಿಲೀಟ್ ಮಾಡ್ಲಿಕ್ಕೆ ಮನಸ್ಸು ಬರುದಿಲ್ಲ ಮಾರಾಯ್ತಿ. ಮನುಷ್ಯರ ಕಾಗದ ಅಲ್ವಾ?"

ನಿರೀಕ್ಷಾ ಹೇಳಿದಂತೆ ಮಾಡಿದಳು. ಹೇಳಿದ ಕೆಲಸವನ್ನು ಹೇಳಿದಂತೆ ಮಾಡುವವಳು ಅವಳು.

ಜುಲೈಯಲ್ಲಿ ಸರ್ವರಿಗೆ ಕಾಯಿಲೆ ಹಿಡಿಯಿತು. ಕಚೇರಿಯಿಂದ ಹೋದ ಮೇಲ್‌ಗಳೆಲ್ಲ ಹಿಂದಿರುಗತೊಡಗಿದವು. ಎದುರಿನವರ ಸರ್ವರುಗಳು ಇವರನ್ನು ಕಳ್ಳರೆಂದು ಬಾಗಿಲಲ್ಲೇ ತಡೆಯುತ್ತಿದ್ದವು. ಝಹ್ರಾ ದಿನವಿಡೀ ಕೂತು, ಸರ್ವರ್ ತನಗೆ ತಾನೇ ಬರೆದಿಡುವ ದಾಖಲೆಗಳನ್ನು ಸಾಲು ಸಾಲಾಗಿ ನೋಡಿದರು. ಯಜಮಾನ ಅಫ್ರೋಝ್ ಸಾಹೇಬರ ಹಳೆಯ ಖಾತೆಯ ಪಾಸ್‌ವರ್ಡ್ ಯಾರಿಗೋ ಸಿಕ್ಕಿ, ಅದರಿಂದ ಲೋಕದ ತುಂಬ ಕೊಳಕು ಮೇಲ್‌ಗಳು ಹೋಗಿದ್ದವು.

"ಪಾಸ್‌ವರ್ಡ್ ಎಂತ ಇಟ್ಟದ್ದು ಸರ್?"

"ಅದು... ನನ್ನ ಹೆಸರೇ."

"ಮನೆಗೆ ಬೀಗ ಹಾಕಿ ಕೀ ಬಾಗಿಲಿಗೇ ನೇತು ಹಾಕಿದ್ರಿ. ಮೇಲೊಂದು ಬೋರ್ಡ್ ಮಾತ್ರ ಕಡಿಮೆ."

ಝಹ್ರಾ ಆ ಖಾತೆಯನ್ನು ಮುಚ್ಚಿದರು, ಎಲ್ಲರ ಪಾಸ್‌ವರ್ಡ್ ಬದಲಿಸಿದರು, ಹೊರಹೋಗುವ ಪ್ರತಿ ಮೇಲ್‌ಗೆ ಕಚೇರಿಯ ಮೊಹರು ಬೀಳುವಂತೆ ಮಾಡಿದರು. ಮೇಲ್‌ಗಳು ಮತ್ತೆ ಓಡಾಡಿದವು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಲಾಟರಿ, ಸಾಲ, ಔಷಧಿಯ ಮೇಲ್‌ಗಳ ಕಾಟ ಬೇರೆ ಇತ್ತು. ಝಹ್ರಾ ಅದನ್ನು ತಡೆಯುವ ಜರಡಿಯೊಂದನ್ನು ಸೇರಿಸಿದರು. ಕಸದ ಮೇಲ್‌ಗಳಿಗೆಂದೇ ಇರುವ ಜಂಕ್ ಡಬ್ಬಿಯ ಗಾತ್ರ ನೋಡಿ ಬೆಚ್ಚಿದರು. ಸಾವಿರಗಟ್ಟಲೆ! ಇಷ್ಟು ಕಸ ಬರುತ್ತಿದೆಯೇ ಈ ಕಚೇರಿಗೆ ಎಂದುಕೊಂಡರು. ಒಂದನ್ನೂ ತೆರೆಯದೆ, ಅಷ್ಟನ್ನೂ ಕಸದ ಮಾದರಿಯೆಂದು ಜರಡಿಗೆ ಉಣಿಸಿದರು. ತೆರೆಯುವುದು ಅವರ ನೇಮಕ್ಕೆ ವಿರುದ್ಧ.

"ಇನ್ನು ನೀವು ಬೇಡ ಅಂತ ಬದಿಗೆ ಹಾಕಿದ್ದನ್ನೆಲ್ಲ ನೋಡಿ ಈ ಜರಡಿ ತನ್ನಷ್ಟಕ್ಕೆ ಕಲಿತುಕೊಳ್ತದೆ ಸರ್. ತಿಂಗಳು ದಾಟಿದ ಕಸವನ್ನು ತಾನೇ ಗುಡಿಸ್ತದೆ," ಎಂದು ಝಹ್ರಾ ಅಫ್ರೋಝ್ ಸಾಹೇಬರಿಗೆ ಹೇಳುವಾಗ ನಿರೀಕ್ಷಾ ಪಕ್ಕದಲ್ಲೇ ಇದ್ದಳು. ತಲೆಯಾಡಿಸಿದಳು. ತಾನು ಯಾವುದನ್ನೂ ಬೇಡ ಎಂದು ಬದಿಗೆ ಹಾಕಿದವಳಲ್ಲವಲ್ಲ.

ಕಾಟ ನಿಂತಿತು. ಅಫ್ರೋಝ್ ಸಾಹೇಬರು ಎಲ್ಲರಿಗೂ ತಿನ್ನಲು ಬಿಸಿ ಗೋಳಿಬಜೆ ತರಿಸಿದರು. "ಕಚೇರಿ ಈಗ ಮಸೀದಿಯ ಹಾಗೆ ಶಾಂತ ಉಂಟು," ಎಂದರು.

ಶಾಂತವೇನೋ ಹೌದು. ಮೊದಲ ಶುಕ್ರವಾರ ಒಂದೆರಡು ಹಡಗುಗಳ ಮೇಲ್ ಬರಲಿಲ್ಲ. ಮಳೆಗಾಲ, ಸಮುದ್ರ ಒರಟು, ಸಿಗ್ನಲ್ ಸಿಕ್ಕಿರಲಿಕ್ಕಿಲ್ಲ ಎಂದರು ಎಲ್ಲರೂ. ಮುಂದಿನ ವಾರ ಇನ್ನಷ್ಟು ಕಡಿಮೆಯಾದವು. ಬಂದರು ಸೇರಿದ ಹಡಗುಗಳವರು ಮನೆಗೆ ನೇರ ಫೋನ್ ಮಾಡುತ್ತಿದ್ದುದರಿಂದ ಯಾರೂ ಗಾಬರಿಯಾಗಲಿಲ್ಲ. ನಿರೀಕ್ಷಾಳ ಶುಕ್ರವಾರಗಳು ಹಗುರವಾದವು. ಕೊಕ್ಕೆಯ ಪಕ್ಕದಲ್ಲಿ ದಪ್ಪ ಅಕ್ಷರದ ಅಂಕಿಯೊಂದು ಮಾತ್ರ ದಿನದಿನಕ್ಕೆ ಏರುತ್ತಿತ್ತು. ತಾನು ಮುಗಿಸಿದ ಕೆಲಸದ ಲೆಕ್ಕ ಅದು ಎಂದುಕೊಂಡು ಅವಳು ಒಳಗೊಳಗೇ ಹೆಮ್ಮೆಪಟ್ಟಳು.

ಒಬ್ಬಳಿಗೆ ಮಾತ್ರ ಸಮಾಧಾನವಿರಲಿಲ್ಲ. ಕಿನ್ನಿ. ಅವಳ ಗಂಡ ಗುರುವಪ್ಪ ಸಣ್ಣ ಸರಕು ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಹಡಗು ಪರದೇಶದ ಯಾವುದೋ ಬಂದರಿನ ಹೊರಗೆ, ದಡದ ಸಿಗ್ನಲ್ ತಲುಪದಷ್ಟು ದೂರದಲ್ಲಿ ಲಂಗರು ಹಾಕಿ ನಿಂತಿತ್ತು. ಉಪಗ್ರಹದ ಮೂಲಕ ಹೋಗುವ ಮೇಲ್ ಒಂದೇ ದಾರಿ.

"ದಾಲ ಸುದ್ದಿ ಉಂಡಾ ಮಗಾ?" ಏನಾದರೂ ಸುದ್ದಿ ಇದೆಯೇ ಎಂದು ಪ್ರತಿ ಶುಕ್ರವಾರ ತುಳುವಿನಲ್ಲಿ ಅವಳ ಫೋನ್.

"ಇಲ್ಲ ಕಿನ್ನಿಯಕ್ಕ. ಸುದ್ದಿ ಇಲ್ಲ ಅಂದ್ರೆ ತೊಂದರೆ ಇಲ್ಲ ಅಂತಲೇ ಲೆಕ್ಕ."

"ಅವರು ಬರೆಯದೆ ಕೂರುವ ಜನ ಅಲ್ಲ ಮಗಾ. ಮೀನಿನ ಸಾರಿಗೆ ಉಪ್ಪು ಕಡಿಮೆ ಆದ್ರೂ ಬರೆಯುವವರು."

ನಿರೀಕ್ಷಾ ಹಡಗಿಗೆ ತಾನೇ ಬರೆದಳು: ಎಲ್ಲರೂ ಕ್ಷೇಮವೇ, ತಿಳಿಸಿ. ಉತ್ತರವಿಲ್ಲ. ಮತ್ತೆ ಬರೆದಳು. ಆಗಲೂ ಇಲ್ಲ. ಗೋಡೆಗೆ ಕೂಗಿದ ಹಾಗೆ. ಅವಳಿಗೆ ಊಟ ಸೇರದಾಯಿತು. ಹಡಗಿನ ಮಾಲಿಕರ ನಂಬರಿಗೆ ಅಫ್ರೋಝ್ ಸಾಹೇಬರು ಫೋನ್ ಮಾಡಿದರೆ ಅದು ಚಾಲನೆಯಲ್ಲೇ ಇರಲಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕಿನ್ನಿ ತಾನೇ ಬಂದಳು. ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸಿ, ಕೂರಲು ಹೇಳಿದರೂ ಕೂರದೆ ನಿಂತಳು. ಆವತ್ತು ಝಹ್ರಾ ಇದ್ದರು.

"ಅವರು ಬರೀತಿದ್ದಾರೆ," ಎಂದಳು ಕಿನ್ನಿ ತುಳುವಿನಲ್ಲಿ. "ನೀವು ಓದುತ್ತಿಲ್ಲ. ಅಷ್ಟೇ."

"ಹಾಗೆ ಆಗ್ಲಿಕ್ಕೆ ಸಾಧ್ಯ ಇಲ್ಲ ಅಕ್ಕ," ಎಂದರು ಝಹ್ರಾ ಮೃದುವಾಗಿ. "ನಮ್ಮ ಬಾಗಿಲಿಗೆ ಕಾಗದ ಬಂದ್ರೆ ಸರ್ವರ್ ಬರೆದಿಡ್ತದೆ. ನೋಡಿ, ಈಗಲೇ ತೋರಿಸ್ತೇನೆ."

ಹಡಗಿನ ವಿಳಾಸ ಹಾಕಿ ಹುಡುಕಿದರು. ಪರದೆಯ ಮೇಲೆ ಸಾಲುಗಳು ಇಳಿದವು. ಹೋದ ಶುಕ್ರವಾರ: ಬಂದಿದೆ, ಸ್ವೀಕರಿಸಿದೆ. ಅದರ ಹಿಂದಿನ ಶುಕ್ರವಾರ: ಬಂದಿದೆ, ಸ್ವೀಕರಿಸಿದೆ. ಜುಲೈ ಕೊನೆಯವರೆಗೂ ಹಾಗೆಯೇ. ನಡುವೆ ಶುಕ್ರವಾರವಲ್ಲದ ದಿನಗಳಲ್ಲೂ ಬಂದಿದ್ದವು. ಝಹ್ರಾರ ಬೆರಳು ಕೀಲಿಯ ಮೇಲೆ ನಿಂತಿತು. ಪ್ರತಿ ಸಾಲಿನ ತುದಿಯಲ್ಲೂ ಒಂದೇ ಮಾತು: ಜಂಕ್‌ಗೆ ಹಾಕಲಾಗಿದೆ.

"ನಿರೀಕ್ಷಾ, ಈ ಜಂಕನ್ನು ಯಾರು ನೋಡುದು?"

"ಯಾರೂ ನೋಡುದಿಲ್ಲ ಮೇಡಂ. ಅದು ಮುಗಿದ ಕಾಗದದ ಜಾಗ ಅಲ್ವಾ? ಓದಿ, ಮನೆಗೆ ಹೇಳಿ, ಮತ್ತೆ ಅಲ್ಲಿಗೆ ಹಾಕುದು. ಮಗ್ದಲೀನ್ ಬಾಯಿ ಕಾಲದಿಂದ..." ಹೇಳುತ್ತಿರುವಾಗಲೇ ಅವಳಿಗೆ ಆ ದಪ್ಪ ಅಂಕಿ ನೆನಪಾಯಿತು. ಅದು ಓದದೆ ಉಳಿದ ಕಾಗದಗಳ ಲೆಕ್ಕ.

ಝಹ್ರಾರಿಗೆ ಆಗ ತಿಳಿಯಿತು. ಕಸವೆಂದು ತಾವು ಜರಡಿಗೆ ಉಣಿಸಿದ್ದು ಇಷ್ಟು ವರ್ಷಗಳ ಹಡಗಿನವರ ಕ್ಷೇಮಸಮಾಚಾರ. ಇಂಥ ಮಾತು, ಇಂಥ ವಿಳಾಸ, ಇಂಥ ಶುಕ್ರವಾರದ ಪತ್ರವೇ ಕಸ ಎಂದು ಅದು ಚೆನ್ನಾಗಿ ಕಲಿತಿತ್ತು. ಕಲಿಸಿದ್ದು ಅವರೇ.

ಡಬ್ಬಿ ತೆರೆದರು. ತೆರೆದು, ಮೌಸನ್ನು ನಿರೀಕ್ಷಾಳ ಕಡೆ ನೂಕಿದರು. "ನೀನು ಓದು ಮಾರಾಯ್ತಿ. ನನ್ನಿಂದ ಆಗುದಿಲ್ಲ."

ತಿಂಗಳು ದಾಟಿದವು ಅಳಿಸಿಹೋಗಿದ್ದವು. ಉಳಿದವುಗಳನ್ನು ನಿರೀಕ್ಷಾ ಹಳೆಯದರಿಂದ ಓದತೊಡಗಿದಳು. ಗುರುವಪ್ಪ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದ.

'ಮಾಲಿಕ ನಮ್ಮನ್ನು ಬಿಟ್ಟು ಹಾಕಿದ್ದಾನೆ. ಮೊದಲೇ ತಿಳಿಸಿದ್ದೇನೆ. ಜನರೇಟರ್ ದಿನಕ್ಕೆ ಒಂದು ಗಂಟೆ ಮಾತ್ರ. ಕುಡಿಯುವ ನೀರಿಗೆ ಎಣ್ಣೆಯ ವಾಸನೆ.'

'ಕಾಲಿನ ಗಾಯ ಒಣಗುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯಿತು. ಮನೆಯಲ್ಲಿ ಹೇಳಬೇಡಿ. ಯಾರನ್ನಾದರೂ ಕಳಿಸಿ.'

'ನಿಮ್ಮ ಕಾಗದ ಬಂತು. ಕ್ಷೇಮವೇ ಎಂದು ಕೇಳುತ್ತೀರಿ. ನಾವು ಬರೆದದ್ದನ್ನು ನೀವು ಓದುವುದಿಲ್ಲವೇ?'

ನಿರೀಕ್ಷಾ ಮೌಸ್ ಬಿಟ್ಟು ತಿರುಗಿ ನೋಡಿದಳು. "ಓದು," ಎಂದಳು ಕಿನ್ನಿ ಹಿಂದಿನಿಂದ. ಕೊನೆಯದು ಹೋದ ಶುಕ್ರವಾರದ್ದು, ಬೇರೆ ಯಾರೋ ಬರೆದದ್ದು: 'ಗುರುವಪ್ಪನಿಗೆ ಜ್ವರ. ಮಾತು ಸರಿಯಿಲ್ಲ. ಕಾಲು ಕಪ್ಪಾಗಿದೆ.'

ಕಿನ್ನಿ ಅಳಲಿಲ್ಲ, ಬೈಯಲಿಲ್ಲ. ಕ್ರೇಟಿನ ಮೇಲಿನ ಕಪ್ಪು ಪೆಟ್ಟಿಗೆಯನ್ನೇ ನೋಡುತ್ತ, "ಇಷ್ಟು ದಿನ ಇಲ್ಲೇ ಇತ್ತಾ?" ಎಂದಳು. "ನಾನು ಫೋನ್ ಮಾಡುವಾಗಲೂ?"



ಅಫ್ರೋಝ್ ಸಾಹೇಬರು ಆ ಕ್ಷಣದಿಂದಲೇ ಫೋನ್ ಹಿಡಿದರು. ಬಂದರಿನವರು, ನಾವಿಕರ ಸಂಘದವರು, ರಾಯಭಾರ ಕಚೇರಿಯವರು, ಹೀಗೆ ಒಬ್ಬರಿಂದೊಬ್ಬರಿಗೆ ಸುದ್ದಿ ಹೋಗಿ ದೋಣಿಯೊಂದು ಹಡಗಿನ ಬಳಿ ಹೋಗಿ ಗುರುವಪ್ಪನನ್ನು ದಡದ ಆಸ್ಪತ್ರೆಗೆ ಸೇರಿಸಿತು. ಝಹ್ರಾ ಜರಡಿಗೆ ಕಲಿಸಿದ್ದೆಲ್ಲವನ್ನೂ ಅಳಿಸಿದರು. ತಾನೇ ಗುಡಿಸುವ ಏರ್ಪಾಡನ್ನು ಕಿತ್ತರು. ಮುಗಿದ ಕಾಗದಕ್ಕೆ ಬೇರೆಯೇ ಡಬ್ಬಿ ಮಾಡಿದರು. ಆಮೇಲೆ ಜಂಕ್‌ನಲ್ಲಿ ಉಳಿದ ಪ್ರತಿಯೊಂದು ಕಾಗದವನ್ನು, ಎಲ್ಲ ಹಡಗುಗಳದ್ದನ್ನು, ತಾವೇ ತೆರೆದು ಓದಿದರು. ನಡುವೆ ಒಮ್ಮೆ ಎದ್ದುಹೋಗಿ ಮುಖ ತೊಳೆದು ಬಂದರು.

ಗುರುವಪ್ಪ ದೀಪಾವಳಿ ಕಳೆದ ಮೇಲೆ ಊರಿಗೆ ಬಂದ. ಎಡಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಕಚೇರಿಗೂ ಬಂದ. ಮೆಟ್ಟಿಲು ಹತ್ತಿ ಬಂದ ಆಯಾಸಕ್ಕೆ ಗೋಡೆಗೆ ಒರಗಿ ನಿಂತ. ಝಹ್ರಾ ಎದ್ದು ನಿಂತರು.

"ಚಪ್ಪಲಿ ಹೊರಗೆ ಬಿಡ್ಬೇಕಂತೆ ಇಲ್ಲಿ," ಎಂದ ಅವನು ಕೋಣೆಯ ಹೊಸ್ತಿಲಲ್ಲಿ. "ನನಗೆ ಅರ್ಧ ಕೆಲಸ."



"ತಪ್ಪು ನನ್ನದು," ಎಂದರು ಝಹ್ರಾ. "ಒಂದೇ ಒಂದು ಕಾಗದ ತೆರೆದು ನೋಡಿದ್ರೆ ಸಾಕಿತ್ತು."

ಗುರುವಪ್ಪ ಕ್ರೇಟಿನ ಮೇಲಿನ ಪೆಟ್ಟಿಗೆಯನ್ನು ನೋಡಿದ. "ಇನ್ನೂ ಕಡಲ ಮೇಲೆ ಜನ ಇದ್ದಾರೆ ಮೇಡಂ. ಅವರ ಕಾಗದ ಓದಿ," ಎಂದು ಹೇಳಿ, ಕಿನ್ನಿಯ ಹೆಗಲು ಹಿಡಿದುಕೊಂಡು ಮೆಟ್ಟಿಲಿಳಿದ.

ಝಹ್ರಾ ಹಂಪನಕಟ್ಟೆಯ ಕಚೇರಿಗಳ ಕೆಲಸ ಬಿಟ್ಟಿದ್ದಾರೆ. ಈಗ ಪ್ರತಿದಿನ ಕೊಟ್ಟಾರದ ಕಚೇರಿಗೇ ಬಂದು, ಅದೇ ಮೇಲ್ ಸರ್ವರ್ ನೋಡಿಕೊಳ್ಳುತ್ತಾರೆ. ಪ್ರತಿ ಶುಕ್ರವಾರ ನಿರೀಕ್ಷಾಳ ಪಕ್ಕದಲ್ಲಿ ಕೂತು ಜಂಕ್‌ಗೆ ಬಿದ್ದ ಕಾಗದಗಳನ್ನು ಒಂದೊಂದಾಗಿ ತೆರೆದು ಓದುತ್ತಾರೆ.