ನೀರು ಕುಡಿಯುವ ಜಿಡ್ಡು

ತೆಲುಗು ನಾಡಿನ ಭವಾನಿಪುರಂನ ನಮ್ಮ ಅಡುಗೆಮನೆಯಲ್ಲಿ, ಏಲಕ್ಕಿ ಕುಟ್ಟುವ ಕಲ್ಲಿನ ಪುಟ್ಟ ಕುಟ್ಟಾಣಿಯೊಳಗೆ, ಒಂದು ಬೆಳಿಗ್ಗೆ ಜೇನುಬಣ್ಣದ ಜಿಡ್ಡು ಕೂತಿತ್ತು. ಹೆಸರು ಲ್ಯಾನೋಲಿನ್. ಕುರಿಯ ಉಣ್ಣೆಯಿಂದ ತೆಗೆಯುವ ಇದು ನೀವು ತುಟಿಗೆ, ಹಿಮ್ಮಡಿಗೆ ಹಚ್ಚಿಕೊಳ್ಳುವ ಎಷ್ಟೋ ಮುಲಾಮುಗಳಲ್ಲಿ ಇರುತ್ತದೆ. ಜಿಡ್ಡಾಗಿಯೂ ನೀರು ಕುಡಿಯುವುದು ಇದರ ಗುಣ; ಕುಡಿಯದಿದ್ದರೆ ಬೆರಕೆಯೆಂದು ಅನುಮಾನಿಸಬೇಕು ಎಂದು ಕಾಲೇಜಿನಲ್ಲಿ ಓದಿದ್ದು ನನಗಿನ್ನೂ ನೆನಪಿತ್ತು.

ಇದೆಲ್ಲ ಮಗಳಿಗಾಗಿ. ಬಾಣಂತನ ಮುಗಿಸಿಕೊಂಡು ಕೂಸಿನೊಡನೆ ವಿಶಾಖಪಟ್ಟಣಕ್ಕೆ ಮರಳಿದ್ದಳು; ಅಳಿಯ ನೌಕಾಪಡೆಯವನು, ಸಮುದ್ರದ ಮೇಲಿದ್ದ. ಬಟ್ಟೆ ಒಗೆದು, ಬಾಟಲಿ ತೊಳೆದು ಅವಳ ಅಂಗೈ ಬಿರಿದು ಒರಟಾಗಿ, ಕೂಸಿಗೆ ಗೀರೀತೆಂಬ ಭಯಕ್ಕೆ ಬರಿಗೈಯಲ್ಲಿ ಮುಟ್ಟುವುದನ್ನೇ ಬಿಟ್ಟಿದ್ದಳು. ವೀಡಿಯೊ ಕರೆಯಲ್ಲಿ ಕಂಡು ಕೇಳಿದರೆ "ಪರವಾಲೇದಮ್ಮಾ", ಪರವಾಗಿಲ್ಲಮ್ಮ, ಅನ್ನುವಳು. ಇಲ್ಲೇ ಬೆಳೆದವಳಲ್ಲವೇ, ನೋವು ಮುಚ್ಚಿಡಲು ಅವಳಿಗೆ ತೆಲುಗೇ ಒದಗುತ್ತದೆ. ಕೂಸನ್ನು ಮುಟ್ಟುವ ಕೈಗೆ ಕಂಡಕಂಡದ್ದನ್ನು ಹಚ್ಚಲು ಬಿಡುವುದಿಲ್ಲವೆಂದು ಹಟ ಹಿಡಿದು, ಗವರ್ನರ್‌ಪೇಟೆಯ ಸಗಟು ಅಂಗಡಿಯಿಂದ ಇದನ್ನು ತಂದಿದ್ದೆ.

ಆದರೆ ಧಾರವಾಡದ ಕೈ ನೋಡಿ, ಹುಟ್ಟುಗುಣ ಬಿಟ್ಟೀತೆ! ಬೆರಕೆಯೋ ಅಸಲಿಯೋ ನೋಡಲೆಂದು, ಜೋಳದ ಹಿಟ್ಟಿಗೆ ಎಸರು ಸುರಿಯುವ ಹಾಗೆ ಕುದಿನೀರನ್ನು ಒಮ್ಮೆಲೇ ಸುರಿದೆ. ಜಿಡ್ಡು ಕರಗಿ ಸಾರಿನ ಮೇಲಿನ ಒಗ್ಗರಣೆಯಂತೆ ತೇಲಿತು. ಬ್ಯಾಂಕಿಗೆ ಹೊರಟು ನಿಂತಿದ್ದ ಯಜಮಾನರು ಇಣುಕಿ, "ನಿನಗ ಟೋಪಿ ಹಾಕ್ಯಾರ, ಬಿಟ್ಟುಬಿಡು" ಅಂದರು. ಬಿಡುವ ಜಾತಿಯವಳಲ್ಲ ನಾನು. ಕುಟ್ಟಾಣಿ ತೊಳೆದು ಒರೆಸಿ, ಹೊಸ ಜಿಡ್ಡು ಹಾಕಿ, ಈ ಸಲ ತಣ್ಣೀರನ್ನು ಹನಿಹನಿಯಾಗಿ ಬಿಡುತ್ತ ಅರೆದೆ. ಒಂದು ಹನಿ ಮರೆಯಾದ ಮೇಲೆ ಇನ್ನೊಂದು. ರಟ್ಟೆ ಸೋತಿತು, ಜಿಡ್ಡು ಮಾತ್ರ ಕುಡಿಯುತ್ತಲೇ ಹೋಯಿತು. ಬಣ್ಣ ತಿಳಿಯಾಗಿ ಬೆಣ್ಣೆಯಂತೆ ಉಬ್ಬಿ, ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಒಳಗಿಟ್ಟುಕೊಂಡು ಸುಮ್ಮನೆ ಕೂತಿತು.

ವರ್ಗವಾಗಿ ಊರೂರು ತಿರುಗಿದವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಈ ಊರಿನ ಬಿಸಿಲು, ಖಾರ, ಭಾಷೆ ಎಲ್ಲವನ್ನೂ ಮೊದಲ ವಾರವೇ ನುಂಗಹೊರಟು ನಾನು ಅತ್ತಿದ್ದೆ. ಆಮೇಲೆ ದಿನಕ್ಕಿಷ್ಟಿಷ್ಟೇ ಹಿಡಿಸಿತು. ಬಾಣಂತಿಗೂ ಅಷ್ಟೇ ಸಮಯ ಬೇಕಲ್ಲ, ಯಾರು ಕೊಡುತ್ತಾರೆ?

ನೀರು ಸೋಕದ ಉಳಿದ ಜಿಡ್ಡನ್ನು ಡಬ್ಬಿಗೆ ತುಂಬಿ ಮರುದಿನವೇ ರೈಲು ಹತ್ತಿದೆ. ಮೈಗೆ ಒಗ್ಗುತ್ತದೆಯೇ ಎಂದು ಮೊದಲು ಅವಳ ಮಣಿಕಟ್ಟಿಗೆ ಸವರಿ ನೋಡಿ, ಆಮೇಲೆ ಒದ್ದೆ ಅಂಗೈಗೆ ತಿಕ್ಕತೊಡಗಿದೆ. ಪಾತ್ರೆ, ಬಟ್ಟೆ ಯಾವುದನ್ನೂ ಮುಟ್ಟಗೊಡಲಿಲ್ಲ. ಬಿರುಕುಗಳು ಮುಚ್ಚಿದ ಒಂದು ಬೆಳಿಗ್ಗೆ, ಮಲಗಿದ್ದ ಕೂಸಿನ ಬೆನ್ನ ಮೇಲೆ ಅವಳು ಬರಿಗೈ ಇಟ್ಟಳು. ಕೂಸು ಬೆಚ್ಚಲಿಲ್ಲ. ಮಗಳು ಅತ್ತಳು, ಕೈ ಮಾತ್ರ ತೆಗೆಯಲಿಲ್ಲ.